ಕೈ ಹೇಳೋದು ಒಂದು, ವಿಮಾನ ಕೇಳೋದು ಇನ್ನೊಂದು

ಪೈಲಟ್ ಆಗ್ಬೇಕು ಅಂತ ವಿಚಾರಿಸ್ಕೊಂಡು ಬರೋ ಹುಡುಗ ಹುಡುಗೀರು, ಅವರಿಗಿಂತ ಜಾಸ್ತಿ ಅವರ ಅಪ್ಪ ಅಮ್ಮಂದಿರು, ಕೇಳೋ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರ್ತವೆ. ಎಷ್ಟು ಗಂಟೆ ಹಾರಿಸ್ಬೇಕು, ಕನ್ನಡಕ ಇದ್ರೆ ತಗೋತಾರಾ, ಮ್ಯಾಥ್ಸ್ ವೀಕ್ ಇದ್ರೆ ನಡೆಯತ್ತಾ, ಕೆಲಸ ಗ್ಯಾರಂಟಿನಾ. ಹಾರಿಸೋದು ಕಲಿಸೋ ಕೆಲಸದಲ್ಲಿ ಇರೋದ್ರಿಂದ ನಂಗೆ ಈ ಉತ್ತರಗಳೆಲ್ಲ ಬಾಯಿಪಾಠ ಆಗೋಗಿವೆ. ಅವನ್ನ ಮೊದಲು ಬೇಗ ಹೇಳಿ ಮುಗಿಸಿಬಿಡ್ತೀನಿ, ಯಾಕಂದ್ರೆ ನಾನು ಬರೀಬೇಕು ಅಂತ ಕೂತಿರೋದು ಯಾರೂ ಕೇಳದೇ ಇರೋ ವಿಷಯದ ಬಗ್ಗೆ.

ಗಂಟೆ ಲೆಕ್ಕ ಹೀಗಿದೆ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಅಂತ ಇದೆಯಲ್ಲ, ನಾವೆಲ್ಲ ಐಕಾವೋ ಅಂತೀವಿ, ಅದರ ಒಂದನೇ ಅನೆಕ್ಸ್‌ನಲ್ಲಿ ಕನಿಷ್ಠ ಎಷ್ಟು ಬೇಕು ಅಂತ ಬರೆದಿದೆ, ಪ್ರತಿ ದೇಶವೂ ಅದರ ಮೇಲೆ ತನ್ನದು ಒಂದಿಷ್ಟು ಸೇರಿಸ್ಕೊಳ್ಳತ್ತೆ. ಪ್ರೈವೇಟ್ ಲೈಸೆನ್ಸ್ ಅಂದ್ರೆ ಪಿಪಿಎಲ್‌ಗೆ 40 ಗಂಟೆ, ವಯಸ್ಸು 17 ಆಗಿರ್ಬೇಕು. ದುಡ್ಡಿಗೆ ಹಾರಿಸೋಕೆ ಬೇಕಾದ ಕಮರ್ಷಿಯಲ್ ಲೈಸೆನ್ಸ್, ಸಿಪಿಎಲ್, ಅದಕ್ಕೆ 200 ಗಂಟೆ, ಮಾನ್ಯತೆ ಇರೋ ಕೋರ್ಸ್ ಒಳಗೇ ಪೂರ್ತಿ ಮಾಡಿದ್ರೆ 150, ವಯಸ್ಸು 18. ಏರ್‌ಲೈನ್ ವಿಮಾನದಲ್ಲಿ ಕ್ಯಾಪ್ಟನ್ ಸೀಟಲ್ಲಿ ಕೂರೋಕೆ ಎಟಿಪಿಎಲ್ ಬೇಕು, ಅದಕ್ಕೆ 1500 ಗಂಟೆ, ವಯಸ್ಸು 21. ಕನ್ನಡಕ ಇದ್ರೆ ತೊಂದ್ರೆ ಇಲ್ಲ, ಹಾಕ್ಕೊಂಡು ಒಂದೊಂದು ಕಣ್ಣಿಗೂ 6/9, ಎರಡೂ ಸೇರಿ 6/6 ಬಂದ್ರೆ ಸಾಕು, ಸಾಮಾನ್ಯವಾಗಿ ಜನ ಸಿಕ್ಕಾಕೊಳ್ಳೋದು ಬಣ್ಣ ಗುರುತಿಸೋ ಟೆಸ್ಟಲ್ಲಿ. ಮ್ಯಾಥ್ಸ್ ಅಂದ್ರೆ ಕ್ಯಾಲ್ಕುಲಸ್ ಅಲ್ಲ, ತಲೇಲೇ ಪಟಪಟ ಅಂತ ಗುಣಿಸೋಕೆ ಬರ್ಬೇಕು ಅಷ್ಟೇ. ಉದಾಹರಣೆಗೆ 35 ಸಾವಿರ ಅಡಿಯಿಂದ ಇಳೀಬೇಕು, ಎಲ್ಲಿಂದ ಶುರು ಮಾಡ್ಲಿ? 35ನ್ನ ಮೂರರಿಂದ ಗುಣಿಸಿ, 105 ನಾಟಿಕಲ್ ಮೈಲಿ ಮುಂಚೆ. ಆಮೇಲೆ ಎದುರುಗಾಳಿ ಹಿಂಗಾಳಿ ನೋಡ್ಕೊಂಡು ಸ್ವಲ್ಪ ಆಕಡೆ ಈಕಡೆ. ಕೆಲಸದ ಗ್ಯಾರಂಟಿ ಯಾರಾದ್ರೂ ಕೊಟ್ರೆ ಅಲ್ಲಿಂದ ಎದ್ದು ಬನ್ನಿ.

ಈಗ ಅಸಲಿ ವಿಷಯಕ್ಕೆ ಬರೋಣ. ಈ ಟ್ರೇನಿಂಗ್ ಪೂರ್ತಿ, ಮೊದಲ ದಿನದಿಂದ ಏರ್‌ಲೈನ್ ಸಿಮ್ಯುಲೇಟರ್ ತನಕ, ಮೈ ತಾನಾಗೇ ಮಾಡೋಕೆ ಹೊರಡೋ ಕೆಲಸಗಳನ್ನ ಒಂದೊಂದಾಗಿ ಬಿಡಿಸೋ ಕೆಲಸ. ಹುಟ್ಟಿದಾಗಿಂದ ನೆಲದ ಮೇಲೆ ಓಡಾಡಿಕೊಂಡಿರೋ ಮೈ ನಮ್ಮದು, ಅದಕ್ಕೆ ಅಂತ ಕೆಲವು ಚಟಗಳಿವೆ, ನೆಲದ ಮೇಲೆ ಅವೆಲ್ಲ ಸರಿಯಾಗೇ ಇವೆ, ಮೇಲೆ ಹೋದ್ಮೇಲೆ ಅವೇ ಪ್ರಾಣಕ್ಕೆ ಸಂಚಕಾರ. ಹೊಸದು ಕಲಿಯೋದು ಅಷ್ಟು ಕಷ್ಟ ಅಲ್ಲ ಮಾರಾಯ್ರೆ, ಇರೋದನ್ನ ಬಿಡೋದಿದೆ ನೋಡಿ, ದುಡ್ಡು, ಟೈಮು, ಬೆವರು ಎಲ್ಲ ಹೋಗೋದು ಅಲ್ಲೇ.

ಮೊದಲ ಪಾಠದಲ್ಲೇ ಇದು ಕಾಣ್ಸತ್ತೆ, ಅದೂ ನೆಲದ ಮೇಲೇ. ಕಾರು ಓಡಿಸಿ ಅಭ್ಯಾಸ ಇರೋರು ಟ್ಯಾಕ್ಸಿ ಮಾಡೋವಾಗ, ಅಂದ್ರೆ ವಿಮಾನನ ನೆಲದ ಮೇಲೆ ಓಡಿಸ್ಕೊಂಡು ಹೋಗೋವಾಗ, ಎಡಕ್ಕೆ ಹೋಗ್ಬೇಕು ಅಂದ್ರೆ ಸ್ಟೀರಿಂಗ್ ಥರ ಕೈಯಲ್ಲಿ ಹಿಡಿಯೋ ಯೋಕನ್ನ ಎಡಕ್ಕೆ ತಿರುಗಿಸ್ತಾರೆ, ವಿಮಾನ ತನ್ನ ಪಾಡಿಗೆ ನೇರ ಹೋಗ್ತಾ ಇರತ್ತೆ, ಅವರು ಇನ್ನೂ ತಿರುಗಿಸ್ತಾರೆ, ಯಾಕಂದ್ರೆ ನೆಲದ ಮೇಲೆ ವಿಮಾನ ತಿರುಗೋದು ಕಾಲಲ್ಲಿರೋ ರಡ್ಡರ್ ಪೆಡಲ್‌ನಿಂದ. ನಾನು ಸುಮಾರು ಸಲ ಕೈ ಎರಡೂ ತೊಡೆ ಮೇಲಿಟ್ಕೊಳ್ಳಿ ಅಂತ ಹೇಳಿ ಬರೀ ಕಾಲಲ್ಲೇ ರನ್‌ವೇ ತನಕ ಕರ್ಕೊಂಡು ಹೋಗಿಸ್ತೀನಿ. ಆಮೇಲೆ ಟೇಕಾಫಲ್ಲಿ ಥ್ರಾಟಲ್ ಪೂರ್ತಿ ಕೊಟ್ರೆ ಸಣ್ಣ ವಿಮಾನದ ಮೂಗು ಎಡಕ್ಕೆ ಎಳೆಯತ್ತೆ, ಪ್ರೊಪೆಲ್ಲರ್ ಸುತ್ತೋ ರೀತಿಗೆ ಹಂಗೆ, ಬಲಗಾಲು ಒತ್ತಿ ಹಿಡೀಬೇಕು. ಪ್ರಪಂಚದ ಯಾವ ಮೂಲೆಗೆ ಹೋಗಿ ಯಾವ ಇನ್‌ಸ್ಟ್ರಕ್ಟರ್ ಕೇಳಿದ್ರೂ ಜೀವಮಾನದಲ್ಲಿ ಅತಿ ಹೆಚ್ಚು ಸಲ ಹೇಳಿದ ಮಾತು ಯಾವುದು ಅಂದ್ರೆ "ರೈಟ್ ರಡ್ಡರ್" ಅಂತಾರೆ, ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಅದೇ.

ಇದು ತಮಾಷೆ ಭಾಗ. ಸ್ಟಾಲ್ ಪಾಠಕ್ಕೆ ಬಂದಾಗ ನಗು ನಿಲ್ಲತ್ತೆ.

ರೆಕ್ಕೆ ಮೇಲೆತ್ತೋದು ಗಾಳಿ ಅದರ ಮೇಲೆ ನೀಟಾಗಿ ಅಂಟಿಕೊಂಡು ಹರಿಯೋವರೆಗೆ ಮಾತ್ರ. ಗಾಳಿ ಬರೋ ದಿಕ್ಕಿಗೂ ರೆಕ್ಕೆಗೂ ಇರೋ ಕೋನ ಒಂದು ಮಿತಿ ದಾಟಿದ್ರೆ, ಸಣ್ಣ ವಿಮಾನಗಳಲ್ಲಿ ಸುಮಾರು 15-16 ಡಿಗ್ರಿ ಅಂತ ಇಟ್ಕೊಳ್ಳಿ, ಗಾಳಿ ರೆಕ್ಕೆಯಿಂದ ಬಿಟ್ಟುಹೋಗತ್ತೆ, ಎತ್ತೋ ಶಕ್ತಿ ಕುಸಿಯತ್ತೆ. ಎಂಜಿನ್ ಚೆನ್ನಾಗೇ ಓಡ್ತಿರತ್ತೆ, ಆದ್ರೂ ವಿಮಾನ ಬೀಳತ್ತೆ. ಇದಕ್ಕೇ ಸ್ಟಾಲ್ ಅನ್ನೋದು. ಇದು ಬರೀ ನಿಧಾನ ಹೋದಾಗ ಆಗೋದು ಅಂದ್ಕೋಬೇಡಿ, 60 ಡಿಗ್ರಿ ವಾಲಿಸಿ ಎತ್ತರ ಬಿಡದೆ ತಿರುಗಿಸಿದ್ರೆ ಸ್ಟಾಲ್ ಆಗೋ ವೇಗ ಶೇಕಡಾ 41ರಷ್ಟು ಜಾಸ್ತಿ ಆಗಿಬಿಡತ್ತೆ.

ಸೆಸ್ನಾ 172ರಲ್ಲಿ ಕಲಿತೋರಿಗೆ ಇದರ ಸದ್ದು ಕಿವೀಲಿ ಕೂತಿರತ್ತೆ. ಅದರ ಎಡ ರೆಕ್ಕೆಯ ಮುಂದಿನ ಅಂಚಲ್ಲಿ ಒಂದು ಸಣ್ಣ ತೂತಿದೆ. ಸ್ಟಾಲ್ ಹತ್ರ ಬಂದಾಗ ಅಲ್ಲಿ ಒತ್ತಡ ಕಮ್ಮಿಯಾಗಿ ಗಾಳಿ ಒಳಗಿಂದ ಹೊರಗೆ ಎಳೆದ್ಕೊಳ್ಳತ್ತೆ, ಹಂಗೆ ಎಳೆಯೋವಾಗ ಒಂದು ರೀಡ್ ಮೂಲಕ ಹಾದುಹೋಗತ್ತೆ, ಕರೆಂಟಿಲ್ಲ ಬ್ಯಾಟರಿಯಿಲ್ಲ, ಹಳೇ ಹಾರ್ಮೋನಿಯಂನ ಒಂದೇ ಮನೆ ಒತ್ತಿ ಹಿಡಿದಂಗೆ ಕುಂಯ್ಯ್ ಅನ್ನತ್ತೆ. ಸ್ಟಾಲ್ ಆಗೋ ವೇಗಕ್ಕಿಂತ ಇನ್ನೂ 5ರಿಂದ 10 ನಾಟ್ ಜಾಸ್ತಿ ಇರೋವಾಗಲೇ ಶುರು. ಇದು ಕೆಲಸ ಮಾಡ್ತಿದೆಯಾ ಅಂತ ಹಾರೋಕೆ ಮುಂಚೆ ನೋಡೋದು ಹೇಗೆ ಗೊತ್ತಾ, ಆ ತೂತಿನ ಮೇಲೆ ಒಂದು ಶುದ್ಧ ಕರ್ಚೀಫ್ ಇಟ್ಟು ಬಾಯಲ್ಲಿ ಹೀರೋದು, ಒಳಗಿಂದ ಸದ್ದು ಬಂದ್ರೆ ಸರಿ ಇದೆ ಅಂತ. ವಿಮಾನದ ಕೈಪಿಡೀಲೇ ಹಿಂಗೆ ಮಾಡಿ ಅಂತ ಬರೆದಿರೋದು. ಯೂನಿಫಾರ್ಮ್ ಹಾಕ್ಕೊಂಡು ಗಾಗಲ್ ಏರಿಸ್ಕೊಂಡು ಬಂದಿರೋ ಹುಡುಗ ಮೊದಲ ಸಲ ರೆಕ್ಕೆಗೆ ಬಾಯಿ ಹಾಕಿ ಹೀರೋದನ್ನ ನೋಡೋಕೆ ಒಂದು ಥರ ಖುಷಿ.

ಪಾಠ ಮೂರು ಸಾವಿರ ಅಡಿ, ಅದಕ್ಕಿಂತ ಮೇಲೆ. ಪವರ್ ಕಮ್ಮಿ ಮಾಡು, ಎತ್ತರ ಬಿಡ್ಬೇಡ, ಮೂಗು ಎತ್ತುತ್ತಾ ಹೋಗು ಅಂತೀವಿ. ಗಾಳಿ ಸದ್ದು ಕಮ್ಮಿಯಾಗತ್ತೆ, ಕಂಟ್ರೋಲ್ ಎಲ್ಲ ಸಡಿಲ ಸಡಿಲ ಅನ್ಸತ್ತೆ, ಹಾರ್ನ್ ಕೂಗೋಕೆ ಶುರು, ಆಮೇಲೆ ಮೈ ಜುಮ್ಮನ್ನೋ ಹಂಗೆ ಒಂದು ನಡುಕ, ತಟಕ್ ಅಂತ ಮೂಗು ಕೆಳಗೆ ಬೀಳತ್ತೆ, ಕಿಟಕಿ ತುಂಬ ಬರೀ ನೆಲ. ಆ ಕ್ಷಣದಲ್ಲಿ ಕಲಿಯೋರ ಕೈ ಏನು ಮಾಡತ್ತೆ? ಎಳೆಯತ್ತೆ. ಯೋಕನ್ನ ಎದೆಗೆ ಎಳ್ಕೊಳ್ಳತ್ತೆ. ನೆಲ ಎದುರಿಗೆ ಬಂದ್ರೆ ಅದರಿಂದ ದೂರ ಹೋಗು ಅನ್ನೋದು ಮೈಗೆ ಗೊತ್ತಿರೋ ಒಂದೇ ಬುದ್ಧಿ, ಆದ್ರೆ ಎಳೆದಷ್ಟೂ ರೆಕ್ಕೆಯ ಕೋನ ಜಾಸ್ತಿ, ಸ್ಟಾಲ್ ಇನ್ನೂ ಗಟ್ಟಿ. ಮಾಡ್ಬೇಕಾಗಿರೋದು ನೆಲದ ಕಡೆಗೇ ತಳ್ಳೋದು. ಬೀಳ್ತಿರೋ ವಿಮಾನದಲ್ಲಿ ಕೂತ್ಕೊಂಡು ಮೂಗನ್ನ ಇನ್ನೂ ಕೆಳಗೆ ಮಾಡೋದು. ಜೊತೆಗೆ ಒಂದು ಪಕ್ಕದ ರೆಕ್ಕೆ ಕುಸಿದ್ರೆ ಕೈ ತಕ್ಷಣ ಯೋಕನ್ನ ಎದುರು ಕಡೆಗೆ ತಿರುಗಿಸೋಕೆ ಹೋಗತ್ತೆ, ಆ ಹೊತ್ತಲ್ಲಿ ಅದೂ ತಪ್ಪೇ, ಅಲ್ಲಿಂದ ಸ್ಪಿನ್‌ಗೆ, ಅಂದ್ರೆ ಸ್ಟಾಲ್ ಆದ ವಿಮಾನ ಗಿರಗಿರ ತಿರುಗ್ತಾ ಬೀಳೋದಕ್ಕೆ, ದಾರಿ ಬಹಳ ಹತ್ತಿರ.

ಬಾಯಲ್ಲಿ ಕೇಳಿದ್ರೆ ಎಲ್ಲರೂ ಸರಿ ಉತ್ತರ ಕೊಡ್ತಾರೆ. ಪರೀಕ್ಷೇಲಿ ನೂರಕ್ಕೆ ನೂರು ತಗೊಂಡವರೂ ಕೈ ಮಾತ್ರ ಎಳೆಯತ್ತೆ. ಅದಕ್ಕೇ ಮತ್ತೆ ಮತ್ತೆ ಮಾಡ್ಸೋದು, ಬೇರೆ ಮಾರ್ಗ ಇಲ್ಲ.

ಇದನ್ನ ಮೊದಲು ಗಟ್ಟಿಯಾಗಿ ಹಿಡಿದೋರು ಬ್ರಿಟನ್ನಿನ ರಾಬರ್ಟ್ ಸ್ಮಿತ್-ಬ್ಯಾರಿ ಅಂತ ಒಬ್ರು. ಮೊದಲನೇ ಮಹಾಯುದ್ಧದ ಸಮಯ, 1917ರಲ್ಲಿ ಗಾಸ್‌ಪೋರ್ಟ್‌ನಲ್ಲಿ ಸ್ಕೂಲ್ ನಡೆಸ್ತಿದ್ರು. ಅಲ್ಲಿತನಕ ಕಲಿಸೋರು ಅಪಾಯದ ಸ್ಥಿತಿಗಳನ್ನ ಆದಷ್ಟು ತಪ್ಪಿಸಿ ಕಲಿಸ್ತಿದ್ರು, ಇವರು ಉಲ್ಟಾ ಮಾಡಿದ್ರು, ಆವ್ರೋ 504ರಲ್ಲಿ ಹುಡುಗರನ್ನ ಕೂರ್ಸಿ ಬೇಕೂಂತ ಸ್ಪಿನ್‌ಗೆ ಹಾಕ್ಸಿ, ಕಾರಣ ಹೇಳಿ, ಅವರ ಕೈಯಲ್ಲೇ ಬಿಡಿಸ್ಕೊಳ್ಳೋದನ್ನ ಕಲಿಸಿದ್ರು. ಎಂಜಿನ್ ಸದ್ದಲ್ಲಿ ಮಾತು ಕೇಳಲ್ಲ ಅಂತ ಇಬ್ಬರ ನಡುವೆ ಒಂದು ರಬ್ಬರ್ ಕೊಳವೆ, ಅದಕ್ಕೆ ಗಾಸ್‌ಪೋರ್ಟ್ ಟ್ಯೂಬ್ ಅಂತಾನೇ ಹೆಸರು ಬಂತು. ಇವತ್ತು ನಾವು ಕೊಡೋ ಪಾಠದ ಅಸ್ಥಿಪಂಜರ ಹೆಚ್ಚುಕಮ್ಮಿ ಅದೇ.

ನೂರು ವರ್ಷದ ಹಳೇ ಪಾಠ, ಎಲ್ಲರಿಗೂ ಬಂದಿರತ್ತೆ ಅಂದ್ಕೊಂಡ್ರೆ 2009ನೇ ಇಸವಿ ನೋಡಿ. ಫೆಬ್ರವರಿ 12ರ ರಾತ್ರಿ ಅಮೆರಿಕದ ಬಫಲೋ ಹತ್ರ ಕೋಲ್ಗನ್ ಏರ್ 3407, ಡ್ಯಾಶ್ 8 ಕ್ಯೂ400 ವಿಮಾನ, ಇಳಿಯೋಕೆ ಬರ್ತಿತ್ತು. ವೇಗ ಕಮ್ಮಿಯಾಗಿದ್ದನ್ನ ಇಬ್ಬರೂ ಗಮನಿಸಲಿಲ್ಲ, ಕಂಟ್ರೋಲ್ ಕಾಲಂ ಗಡಗಡ ಅಲುಗಾಡಿ ಎಚ್ಚರಿಕೆ ಕೊಡ್ತು, ಕ್ಯಾಪ್ಟನ್ ಎಳೆದ್ರು. ವಿಮಾನವೇ ತಾನಾಗಿ ಮೂಗು ತಗ್ಗಿಸೋಕೆ ತಳ್ಳಿದ್ರೂ ಅದರ ಮೇಲೂ ಎಳೆದ್ರು. ಒಳಗಿದ್ದ 49 ಜನ, ಕೆಳಗೆ ಮನೇಲಿದ್ದ ಒಬ್ರು ಹೋದ್ರು. ಅದೇ ವರ್ಷ ಮೇ 31ರ ಸಂಜೆ ರಿಯೋದಿಂದ ಪ್ಯಾರಿಸ್‌ಗೆ ಹೊರಟ ಏರ್ ಫ್ರಾನ್ಸ್ 447, ಏರ್‌ಬಸ್ 330. ವೇಗ ಅಳೆಯೋ ಪಿಟೋ ಕೊಳವೆಗಳಿಗೆ ಐಸ್ ಕಟ್ಕೊಂಡು ಆಟೋಪೈಲಟ್ ಬಿಟ್ಕೊಳ್ತು, 35 ಸಾವಿರ ಅಡೀಲಿ ಹಾರಿಸ್ತಿದ್ದ ಕೋಪೈಲಟ್ ಸ್ಟಿಕ್ಕನ್ನ ಹಿಂದಕ್ಕೆ ಎಳೆದ್ರು, ವಿಮಾನ 38 ಸಾವಿರದ ತನಕ ಏರಿ ಸ್ಟಾಲ್ ಆಯ್ತು, ಅಲ್ಲಿಂದ ಅಟ್ಲಾಂಟಿಕ್‌ಗೆ ಬೀಳೋ ತನಕ ಸ್ಟಿಕ್ ಬಹುಪಾಲು ಹಿಂದೇನೇ ಇತ್ತು. 228 ಜನ.

ಕೋಲ್ಗನ್ ಆದ್ಮೇಲೆ ಅಮೆರಿಕದಲ್ಲಿ ಏರ್‌ಲೈನ್ ಕೋಪೈಲಟ್‌ಗೂ 1500 ಗಂಟೆ ಬೇಕು ಅನ್ನೋ ನಿಯಮ ಬಂತು, 2013ರಿಂದ. ಮಿಲಿಟರಿಯಿಂದ ಬಂದೋರಿಗೆ, ಏವಿಯೇಷನ್ ಡಿಗ್ರಿ ಮಾಡಿದೋರಿಗೆ ಸ್ವಲ್ಪ ವಿನಾಯ್ತಿ. ನಂಗೆ ಈ ನಿಯಮದ ಬಗ್ಗೆ ಯಾವತ್ತೂ ಸಮಾಧಾನ ಇಲ್ಲ, ಯಾಕಂದ್ರೆ ಕೋಲ್ಗನ್ ವಿಮಾನದಲ್ಲಿದ್ದ ಇಬ್ಬರಿಗೂ ಆಗ್ಲೇ 1500ಕ್ಕಿಂತ ಜಾಸ್ತಿ ಗಂಟೆ ಇತ್ತು. ಗಂಟೆ ಸೇರ್ಸೋಕೆ ಅಂತ ಒಂದೇ ಊರಿನ ಮೇಲೆ ಬಿಸಿಲಿರೋ ದಿನ ಸುಮ್ನೆ ಸುತ್ತಿದ್ರೆ ಮೊದಲ 100 ಗಂಟೇನೇ ಮತ್ತೆ ಮತ್ತೆ ಬರೆದಂಗೆ ಅಲ್ವಾ. ಅದಕ್ಕಿಂತ ಕೆಲಸಕ್ಕೆ ಬಂದಿದ್ದು ಇನ್ನೊಂದು ಬದಲಾವಣೆ, ಯುಪಿಆರ್‌ಟಿ ಅಂತ, ವಿಮಾನ ಅಡ್ಡಾದಿಡ್ಡಿ ಸ್ಥಿತಿಗೆ ಹೋಗದ ಹಾಗೆ ನೋಡ್ಕೊಳ್ಳೋದು, ಹೋದ್ರೆ ಎತ್ಕೊಳ್ಳೋದು, ಇದನ್ನೇ ಪ್ರತ್ಯೇಕವಾಗಿ ಕಲಿಸೋದು. ಯುರೋಪಲ್ಲಿ 2019ರ ಡಿಸೆಂಬರ್‌ನಿಂದ ಕಮರ್ಷಿಯಲ್ ಕಲಿಯೋರು ಇದನ್ನ ನಿಜವಾದ ವಿಮಾನದಲ್ಲೇ ಮಾಡ್ಬೇಕು. ತಲೆಕೆಳಗಾಗಿ ನೇತಾಡೋವಾಗ ಕೈ ಏನು ಮಾಡತ್ತೆ ಅನ್ನೋದು ಕ್ಲಾಸ್‌ರೂಮಲ್ಲಿ ಗೊತ್ತಾಗಲ್ಲ.

ಕೈ ಆಯ್ತು, ಮುಂದಿನದು ಕಿವಿ. ಹೊರಗೆ ಏನೂ ಕಾಣದಿದ್ರೂ ಮೀಟರ್ ನೋಡ್ಕೊಂಡೇ ಹಾರಿಸೋಕೆ ಕಲಿಸೋ ಇನ್‌ಸ್ಟ್ರುಮೆಂಟ್ ರೇಟಿಂಗ್‌ನಲ್ಲಿ ಇದರದ್ದೇ ಗೋಳು.

ಕಿವಿಯೊಳಗೆ ಅರ್ಧವೃತ್ತದ ಮೂರು ನಾಳಗಳಿವೆ, ಅದರಲ್ಲಿರೋ ದ್ರವ ಅಲುಗಾಡಿದ್ರೆ ನಾವು ತಿರುಗ್ತಿದ್ದೀವಿ ಅಂತ ಮಿದುಳಿಗೆ ಗೊತ್ತಾಗತ್ತೆ. ಆದ್ರೆ ಬಹಳ ನಿಧಾನಕ್ಕೆ ತಿರುಗಿದ್ರೆ ಅದಕ್ಕೆ ಗೊತ್ತೇ ಆಗಲ್ಲ, ಒಂದೇ ಸಮ ಸ್ವಲ್ಪ ಹೊತ್ತು ತಿರುಗ್ತಾ ಇದ್ರೂ ದ್ರವ ಹೊಂದ್ಕೊಂಡು ಸುಮ್ನಾಗತ್ತೆ. ನಾನು ಕಲಿಯೋರಿಗೆ ಕಣ್ಣು ಮುಚ್ಕೊಳ್ಳಿ, ತಲೆ ತಗ್ಗಿಸಿ ಅಂತ ಹೇಳಿ ಮೆತ್ತಗೆ ವಿಮಾನನ ಎಡಕ್ಕೆ ವಾಲಿಸ್ತೀನಿ. ಸ್ವಲ್ಪ ಹೊತ್ತಾದ್ಮೇಲೆ ಈಗ ಹೆಂಗೆ ಹೋಗ್ತಿದ್ದೀವಿ ಅಂದ್ರೆ "ನೇರ ಹೋಗ್ತಿದ್ದೀವಿ ಸರ್" ಅಂತಾರೆ. ಆಮೇಲೆ ನಿಜವಾಗ್ಲೂ ನೇರ ಮಾಡ್ತೀನಿ, ಈಗ? "ಬಲಕ್ಕೆ ತಿರುಗ್ತಿದ್ದೀವಿ". ಕಣ್ಣು ಬಿಡಿ ಅಂದ್ರೆ ಕಣ್ಣು ಬಿಟ್ಟು ಎದುರಿಗಿರೋ ಮೀಟರ್ ನೋಡಿ, ನನ್ನ ಮುಖ ನೋಡಿ, ಮತ್ತೆ ಮೀಟರ್ ನೋಡ್ತಾರೆ. ಆ ಮುಖ ನೋಡಿದ್ರೆ ಪಾಠ ಇಳೀತು ಅಂತ ಗೊತ್ತಾಗತ್ತೆ.

ಮೋಡದೊಳಗೆ ಹೋದ್ರೆ ಕಣ್ಣು ಬಿಟ್ಕೊಂಡಿದ್ರೂ ಇದೇ ಸ್ಥಿತಿ, ಕಿಟಕಿ ಪೂರ್ತಿ ಬಿಳಿ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದೋರು ಇನ್‌ಸ್ಟ್ರುಮೆಂಟ್ ತರಬೇತಿ ಇಲ್ಲದ 20 ಪೈಲಟ್‌ಗಳನ್ನ ತಗೊಂಡು, ಹೊರಗೆ ಕಾಣದ ಹಾಗೆ ಮಾಡಿ ಹಾರಿಸೋಕೆ ಕೊಟ್ರು, ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಇದ್ರು ಬಿಡಿ. ಇಪ್ಪತ್ತಕ್ಕೆ ಇಪ್ಪತ್ತೂ ಜನ ಹತೋಟಿ ಕಳ್ಕೊಂಡ್ರು. ಸರಾಸರಿ 178 ಸೆಕೆಂಡ್, ಮೂರು ನಿಮಿಷನೂ ಇಲ್ಲ. ಹೆಚ್ಚಿನವರು ಸುತ್ತುತ್ತಾ ಕೆಳಗಿಳಿಯೋ ಸ್ಪೈರಲ್‌ಗೆ ಬಿದ್ರು, ಅದರಲ್ಲಿ ಇರೋರಿಗೆ ತಾವು ನೇರ ಹೋಗ್ತಿದ್ದೀವಿ, ಸುಮ್ನೆ ಎತ್ತರ ಮಾತ್ರ ಕಮ್ಮಿಯಾಗ್ತಿದೆ ಅನ್ಸತ್ತೆ, ಎತ್ತರ ಬೇಕು ಅಂತ ಎಳೀತಾರೆ, ಸುತ್ತು ಇನ್ನೂ ಬಿಗಿಯಾಗತ್ತೆ.

ಅದಕ್ಕೇ ಹುಡ್ ಹಾಕಿ, ಮೀಟರ್‌ಗಳು ಮಾತ್ರ ಕಾಣೋ ಹಾಗೆ ಮಾಡಿ ಗಂಟೆಗಟ್ಟಲೆ ಹಾರಿಸೋದು. ಕೃತಕ ದಿಗಂತ ತೋರ್ಸೋ ಆಟಿಟ್ಯೂಡ್ ಇಂಡಿಕೇಟರ್, ಅಲ್ಲಿಂದ ವೇಗ, ಮತ್ತೆ ವಾಪಸ್ ಅದಕ್ಕೇ, ಅಲ್ಲಿಂದ ಎತ್ತರ, ಮತ್ತೆ ವಾಪಸ್, ದಿಕ್ಕು, ವಾಪಸ್, ಕಣ್ಣು ಒಂದೇ ಕಡೆ ಅಂಟ್ಕೊಂಡ್ರೆ ಮಿಕ್ಕಿದ್ದು ಕೈ ತಪ್ಪತ್ತೆ. ಮೈಯೆಲ್ಲ ಬಲಕ್ಕೆ ವಾಲಿದೀವಿ ಅಂತ ಕಿರುಚ್ತಾ ಇರತ್ತೆ, ಕುತ್ತಿಗೆ ತಾನಾಗೇ ಎಡಕ್ಕೆ ಬಾಗಿರತ್ತೆ, ಆದ್ರೂ ಮೀಟರ್ ನೇರ ಅಂದ್ರೆ ನೇರ. ಒಂದು ಮೀಟರ್ ಕೆಟ್ಟಿದ್ರೆ? ಮಿಕ್ಕಿದ್ದರ ಜೊತೆ ತಾಳೆ ನೋಡಿ ಕೆಟ್ಟಿದ್ದು ಯಾವ್ದು ಅಂತ ಕಂಡುಹಿಡಿಯೋದನ್ನೂ ಕಲಿಸ್ತೀವಿ, ಆಗ್ಲೂ ಕಿವಿ ಮಾತು ಕೇಳೋ ಹಾಗಿಲ್ಲ.

ಸಿಮ್ಯುಲೇಟರ್ ಹುಟ್ಟಿದ ಕಥೆಯೂ ಇಲ್ಲೇ ಬರತ್ತೆ. ಎಡ್ವಿನ್ ಲಿಂಕ್ ಅನ್ನೋರ ಮನೆಯೋರದ್ದು ಅಮೆರಿಕದ ಬಿಂಗ್‌ಹ್ಯಾಂಟನ್‌ನಲ್ಲಿ ಪಿಯಾನೋ, ಆರ್ಗನ್ ತಯಾರಿಸೋ ಕಾರ್ಖಾನೆ. ಅಲ್ಲಿನ ತಿದಿಗಳು, ಗಾಳಿ ಪಂಪುಗಳನ್ನೇ ಬಳಸಿ 1929ರ ಹೊತ್ತಿಗೆ ವಾಲೋ ತಿರುಗೋ ಒಂದು ಪೆಟ್ಟಿಗೆ ವಿಮಾನ ಮಾಡಿದ್ರು. ಮೊದಮೊದಲು ಯಾರೂ ಅಷ್ಟು ಕೇರ್ ಮಾಡ್ಲಿಲ್ಲ, ಮನರಂಜನಾ ಪಾರ್ಕ್‌ಗಳಿಗೆ ಮಾರ್ತಿದ್ರು. 1934ರಲ್ಲಿ ಅಮೆರಿಕದ ಸೇನೆ ಏರ್‌ಮೇಲ್ ಹೊತ್ಕೊಂಡು ಹೋಗೋ ಕೆಲಸ ವಹಿಸ್ಕೊಳ್ತು, ಕೆಟ್ಟ ಹವೆ, ರಾತ್ರಿ, ಇನ್‌ಸ್ಟ್ರುಮೆಂಟ್ ಅಭ್ಯಾಸ ಇಲ್ಲದ ಪೈಲಟ್‌ಗಳು ಒಬ್ಬರ ಹಿಂದೆ ಒಬ್ಬರು ಸತ್ರು, ಆಗ ಸೇನೆ ಬಂದು ಆರು ಲಿಂಕ್ ಟ್ರೇನರ್ ಕೊಂಡ್ಕೊಳ್ತು. ಎರಡನೇ ಮಹಾಯುದ್ಧದ ಹೊತ್ತಿಗೆ ಪೈಲಟ್ ಅಂದ್ಮೇಲೆ ಅದರೊಳಗೆ ಕೂತಿರ್ಲೇಬೇಕು ಅನ್ನೋ ಹಾಗಾಗಿತ್ತು.

ಇನ್ನು ಬಿಡಿಸ್ಬೇಕಾದ ಚಟ ನೆನಪಿನ ಮೇಲೆ ನಂಬಿಕೆ. 1935ರ ಅಕ್ಟೋಬರ್ 30, ಡೇಟನ್‌ನ ರೈಟ್ ಫೀಲ್ಡ್‌ನಲ್ಲಿ ಬೋಯಿಂಗ್ ಮಾಡೆಲ್ 299, ಆಮೇಲೆ ಬಿ-17 ಅಂತ ಹೆಸರಾಯ್ತಲ್ಲ ಅದೇ, ಏರಿದ್ದೇ ಬಿತ್ತು. ನಿಂತಿರೋವಾಗ ಗಾಳಿಗೆ ಬಾಲ ಅಲುಗದ ಹಾಗೆ ಹಾಕಿರೋ ಲಾಕ್ ತೆಗೆದೇ ಇರ್ಲಿಲ್ಲ. ಹಾರಿಸ್ತಿದ್ದೋರು ಅನುಭವಿ ಪೈಲಟ್‌ಗಳೇ. ಆವಾಗಿಂದ ಚೆಕ್‌ಲಿಸ್ಟ್ ಬಂತು. ಕಲಿಯೋರಿಗೆ ಮೊದಲ ತಿಂಗಳು ಇದು ಪೂಜೆ ಮಂತ್ರ ಓದಿದಂಗೆ ಬೋರ್, ಎರಡನೇ ತಿಂಗಳು ಬಾಯಿಪಾಠ ಆಗತ್ತೆ, ನಂಗೆ ಭಯ ಆಗೋದು ಆವಾಗಲೇ. ಪೆಟ್ರೋಲ್ ಟ್ಯಾಂಕಿನ ತಳದಿಂದ ಸಣ್ಣ ಪಾರದರ್ಶಕ ಕಪ್‌ಗೆ ಒಂಚೂರು ಇಳಿಸಿ ಬೆಳಕಿಗೆ ಹಿಡಿದು ನೋಡ್ಬೇಕು, ನಮ್ಮ ಇಂಧನ ತಿಳಿ ನೀಲಿ, ನೀರು ಸೇರಿದ್ರೆ ಕೆಳಗೆ ಗುಳ್ಳೆ ಥರ ಬೇರೆ ಕೂತಿರತ್ತೆ. ಬಾಯಿಪಾಠದೋರು ಕಪ್ ಎತ್ತಿ ಹಿಡೀತಾರೆ, ನೋಡಲ್ಲ. ಕಪ್ ಪೂರ್ತಿ ಬರೀ ನೀರೇ ಇದ್ರೂ ನೀರಿಗೂ ಇಂಧನಕ್ಕೂ ನಡುವಿನ ಗೆರೆ ಕಾಣಲ್ಲ ಅಲ್ವಾ, ಅದಕ್ಕೇ ಗೆರೆ ಇದೆಯಾ ಅಂತ ನೋಡೋದ್ರ ಜೊತೆ ಬಣ್ಣ ನೀಲಿ ಇದೆಯಾ, ವಾಸನೆ ಪೆಟ್ರೋಲಿಂದೇನಾ ಅಂತ ನೋಡಿಸ್ತೀನಿ.

ಮತ್ತೆ ದೊಡ್ಡೋರ ಮುಂದೆ ಬಾಯಿ ಮುಚ್ಕೊಂಡಿರೋದು. ನಮ್ಮಂಥೋರಿಗೆ ಇದು ಬಿಡೋದು ಇನ್ನೂ ಕಷ್ಟ, ಹಿರಿಯರಿಗೆ ಎದುರುತ್ತರ ಕೊಡ್ಬಾರ್ದು ಅಂತಾನೇ ಬೆಳೆದಿರ್ತೀವಿ. 1977ರ ಮಾರ್ಚ್ 27, ಸ್ಪೇನಿನ ಟೆನೆರೀಫ್ ದ್ವೀಪ, ಮಂಜು, ರನ್‌ವೇ ಮೇಲೆ ಎರಡು 747. ಕೆಎಲ್‌ಎಂ ಕ್ಯಾಪ್ಟನ್ ಟೇಕಾಫ್ ಶುರು ಮಾಡೇಬಿಟ್ರು. ಅವರು ಸಾಮಾನ್ಯರಲ್ಲ, ಕಂಪನಿಯ ಬೇರೆ ಪೈಲಟ್‌ಗಳಿಗೆ ಕಲಿಸ್ತಿದ್ದೋರು. ಪ್ಯಾನ್ ಆಮ್ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ವಾ ಅಂತ ಹಿಂದೆ ಕೂತಿದ್ದ ಫ್ಲೈಟ್ ಎಂಜಿನಿಯರ್ ಕೇಳಿದ್ರು, ಬಿಟ್ಟಾಗಿದೆ ಅಂತ ಕ್ಯಾಪ್ಟನ್ ಒತ್ತಿ ಹೇಳಿದ್ಮೇಲೆ ಸುಮ್ನಾದ್ರು. 583 ಜನ ಸತ್ರು. ಆಮೇಲೆ 1979ರಲ್ಲಿ ನಾಸಾ ಇದರ ಬಗ್ಗೆ ಕಾರ್ಯಾಗಾರ ಮಾಡ್ತು, 1981ರಲ್ಲಿ ಯುನೈಟೆಡ್ ಏರ್‌ಲೈನ್ಸ್ ತರಬೇತೀನೇ ಶುರು ಮಾಡ್ತು, ಈಗ ಸಿಆರ್‌ಎಂ, ಅಂದ್ರೆ ಕಾಕ್‌ಪಿಟ್‌ನಲ್ಲಿರೋರೆಲ್ಲ ಬಾಯಿಬಿಟ್ಟು ಮಾತಾಡಿ ಒಟ್ಟಾಗಿ ಕೆಲಸ ಮಾಡೋದನ್ನ ಕಲಿಸೋ ಈ ತರಬೇತಿ, ಇಲ್ಲದ ಏರ್‌ಲೈನ್ ಇಲ್ಲ. ಇವತ್ತು ಎಷ್ಟೇ ಜೂನಿಯರ್ ಆಗಿರ್ಲಿ, ಇಳಿಯೋವಾಗ ವೇಗವೋ ದಾರಿಯೋ ಹಳಿ ತಪ್ಪಿದ್ರೆ "ಗೋ ಅರೌಂಡ್" ಅನ್ಬೇಕು, ಕ್ಯಾಪ್ಟನ್ ಮರುಮಾತಿಲ್ಲದೆ ಮತ್ತೆ ಮೇಲೇರ್ಬೇಕು, ವಾದ ಏನಿದ್ರೂ ಇಳಿದ್ಮೇಲೆ. ನಾನು ಪಾಠದಲ್ಲಿ ಆಗಾಗ ಬೇಕೂಂತ ತಪ್ಪು ಹೇಳ್ತೀನಿ, ತಪ್ಪು ಎತ್ತರ, ತಪ್ಪು ದಿಕ್ಕು. "ಸರ್, ಅದು ಸರಿಯಿಲ್ಲ ಅನ್ಸತ್ತೆ" ಅಂತ ಹೇಳೋಕೆ ಕೆಲವರಿಗೆ ತಿಂಗಳುಗಳೇ ಬೇಕಾಗತ್ತೆ, ಸ್ಪಿನ್‌ಗೂ ಹೆದರದೋರು ಇದಕ್ಕೆ ಹೆದರ್ತಾರೆ.

ಏರ್‌ಲೈನ್‌ಗೆ ಸೇರಿದ್ಮೇಲೆ ಬರೋ ಟೈಪ್ ರೇಟಿಂಗ್, ಅಂದ್ರೆ 737ಕ್ಕೋ ಎ320ಗೋ ಅಂತಲೇ ಇರೋ ತರಬೇತಿ, ಅಲ್ಲೂ ಇದೇ ಮುಂದುವರಿಯತ್ತೆ. ಹೆಚ್ಚುಕಮ್ಮಿ ಎಲ್ಲ ಸಿಮ್ಯುಲೇಟರಲ್ಲೇ. ನಂಗೆ ಅದರಲ್ಲಿ ಬಹಳ ಇಷ್ಟ ಆಗೋದು ಒಂದು ಸಣ್ಣ ಅಭ್ಯಾಸ. ಟೇಕಾಫಲ್ಲಿ ವಿ ಒನ್ ಅಂತ ಒಂದು ವೇಗ ಇದೆ, ಅಲ್ಲಿತನಕ ತೊಂದ್ರೆ ಆದ್ರೆ ನಿಲ್ಲಿಸ್ಬಹುದು, ಅದು ದಾಟಿದ್ರೆ ಏನೇ ಆಗ್ಲಿ ಏರ್ಲೇಬೇಕು, ಉಳಿದ ರನ್‌ವೇ ನಿಲ್ಲೋಕೆ ಸಾಲಲ್ಲ. ವಿ ಒನ್ ಅಂತ ಕೂಗಿದ ತಕ್ಷಣ ಕ್ಯಾಪ್ಟನ್ ಎಂಜಿನ್ ಪವರ್ ಹೆಚ್ಚುಕಮ್ಮಿ ಮಾಡೋ ಥ್ರಸ್ಟ್ ಲಿವರ್ ಮೇಲಿಂದ ಕೈ ತೆಗೆದುಬಿಡ್ತಾರೆ. ಯಾಕೆ? ಅಲ್ಲೇ ಇದ್ರೆ ಗಾಬರೀಲಿ ಆ ಕೈ ಎಳೆದುಬಿಡ್ಬಹುದು ಅಂತ. ಕೈಗೆ ಬುದ್ಧಿ ಹೇಳಿ ಹೇಳಿ ಸಾಕಾಗಿ ಕೊನೆಗೆ ಅದನ್ನ ಅಲ್ಲಿಂದ ಎತ್ತಿಟ್ಟಿರೋದು. ಅದಾದ್ಮೇಲೆ ಎಂಜಿನ್‌ಗೆ ಬೆಂಕಿ ಅಂತ ಬೆಲ್ ಬಡ್ಕೊಂಡ್ರೂ ಬೆಲ್ ಆಫ್ ಮಾಡಿ, ವಿಮಾನ ನೇರ ಹಿಡಿದು, ಕನಿಷ್ಠ 400 ಅಡಿ ಏರೋ ತನಕ ಎಂಜಿನ್ ಸ್ವಿಚ್ ಯಾವುದನ್ನೂ ಮುಟ್ಟೋ ಹಾಗಿಲ್ಲ. ಬೆಂಕಿ ಹತ್ತಿರೋವಾಗ ಕೈಕಟ್ಟಿ ಕೂತಂಗೆ ಅನ್ಸತ್ತೆ, ಆದ್ರೆ ಅವಸರಕ್ಕೆ ಬಿದ್ದು ಚೆನ್ನಾಗಿರೋ ಎಂಜಿನ್ನನ್ನೇ ಆಫ್ ಮಾಡಿರೋ ಅಪಘಾತಗಳು ಇವೆ, 2015ರಲ್ಲಿ ತೈಪೆಯಲ್ಲಿ ಬಿದ್ದ ಟ್ರಾನ್ಸ್‌ಏಷ್ಯಾ 235 ಒಂದು.

ಸೇರೋಕೆ ಹೊರಟಿರೋರಿಗೆ ಕೆಲಸಕ್ಕೆ ಬರೋ ನಾಕು ಮಾತು. ಮೊದಲು ಕ್ಲಾಸ್ ಒನ್ ಮೆಡಿಕಲ್ ಮಾಡ್ಸಿ, ಒಂದು ರೂಪಾಯಿ ಫೀಸ್ ಕಟ್ಟೋಕೂ ಮುಂಚೆ. ಅದು ಬರೀ ಒಂದ್ಸಲ ಪಾಸಾಗೋ ಪರೀಕ್ಷೆ ಅಲ್ಲ, ವೃತ್ತಿ ಇರೋ ತನಕ ವರ್ಷ ವರ್ಷ, ವಯಸ್ಸಾದ್ಮೇಲೆ ಆರು ತಿಂಗಳಿಗೊಮ್ಮೆ. ಇಂಗ್ಲಿಷ್ ಐಕಾವೋ ಲೆವೆಲ್ 4 ಬೇಕು, ಸಾಹಿತ್ಯ ಬೇಡ, ರೇಡಿಯೋದಲ್ಲಿ ಅನಿರೀಕ್ಷಿತ ಏನಾದ್ರೂ ಬಂದ್ರೆ ತಡವರಿಸದೆ ಅರ್ಥ ಮಾಡ್ಕೊಂಡು ಹೇಳೋಕೆ ಬಂದ್ರೆ ಸಾಕು. ಎಲ್ಲ ಒಂದೇ ಕೋರ್ಸಲ್ಲಿ ಮುಗಿಸೋ ಇಂಟಿಗ್ರೇಟೆಡ್ ಇದೆ, ಒಂದೊಂದೇ ಲೈಸೆನ್ಸ್ ರೇಟಿಂಗ್ ಬೇರೆ ಬೇರೆ ಮಾಡ್ಕೊಂಡು ಹೋಗೋ ಮಾಡ್ಯುಲರ್ ಇದೆ. ಕೆಲಸ ಮಾಡ್ಕೊಂಡು, ದುಡ್ಡು ಕೂಡಿಟ್ಕೊಂಡು ಕಲಿಯೋರಿಗೆ ಎರಡನೇದೇ ವಾಸಿ ಅಂತ ನನ್ನ ಅಭಿಪ್ರಾಯ, ನಡುವೆ ನಿಲ್ಲಿಸ್ಬೇಕಾಗಿ ಬಂದ್ರೂ ಕೈಯಲ್ಲಿ ಒಂದು ಲೈಸೆನ್ಸ್ ಉಳಿದಿರತ್ತೆ. 2006ರಲ್ಲಿ ಬಂದ ಎಂಪಿಎಲ್ ಅಂತ ಮೂರನೇದೂ ಇದೆ, 240 ಗಂಟೇಲಿ ಬಹುಪಾಲು ಸಿಮ್ಯುಲೇಟರ್, ನೇರ ಕೋಪೈಲಟ್ ಸೀಟಿಗೆ, ಆದ್ರೆ ಅದು ಒಂದು ಏರ್‌ಲೈನ್‌ಗೆ ಕಟ್ಕೊಂಡಂಗೆ, ಆ ಏರ್‌ಲೈನ್ ನೇಮಕಾತಿ ನಿಲ್ಲಿಸಿದ್ರೆ ನೀವು ಅತ್ತಲೂ ಇಲ್ಲ ಇತ್ತಲೂ ಇಲ್ಲ. 2020ರಲ್ಲಿ ಇಡೀ ಪ್ರಪಂಚದ ವಿಮಾನ ನೆಲಕ್ಕಿಳಿದಾಗ ಲೈಸೆನ್ಸ್ ಹಿಡ್ಕೊಂಡು ವರ್ಷಗಟ್ಟಲೆ ಕೂತೋರು ಎಷ್ಟೋ ಜನ, ಆಮೇಲೆ ಎರಡು ವರ್ಷಕ್ಕೆ ಪೈಲಟ್ ಸಾಲ್ತಿಲ್ಲ ಅಂತ ಕೂಗು. ಈ ಏರಿಳಿತ ಲೆಕ್ಕಕ್ಕೆ ಇಟ್ಕೊಂಡೇ ಸಾಲದ ಕಾಗದಕ್ಕೆ ಸೈನ್ ಹಾಕಿ.

ಸ್ಕೂಲ್ ನೋಡೋಕೆ ಹೋದಾಗ ರಿಸೆಪ್ಷನ್ ಸೋಫಾ, ಗೋಡೆ ಮೇಲಿನ ಫೋಟೋ ಬಿಟ್ಟು ಹ್ಯಾಂಗರ್ ಕಡೆ ಹೋಗಿ. ಪಟ್ಟೀಲಿರೋ ವಿಮಾನಗಳಲ್ಲಿ ಎಷ್ಟು ನಿಜವಾಗ್ಲೂ ಹಾರ್ತಿವೆ, ಎಷ್ಟು ಬಿಡಿಭಾಗ ಇಲ್ಲದೆ ಮೂಲೇಲಿ ನಿಂತಿವೆ ಎಣಿಸಿ. ಪೂರ್ತಿ ಫೀಸ್ ಮುಂಗಡ ಕಟ್ಟಿದ್ರೆ ಡಿಸ್ಕೌಂಟ್ ಅಂದ್ರೆ ಬೇಡ ಅನ್ನಿ, ಮುಂಗಡ ತಗೊಂಡು ಬಾಗಿಲು ಹಾಕ್ಕೊಂಡಿರೋ ಸ್ಕೂಲ್‌ಗಳು ಎಲ್ಲ ದೇಶದಲ್ಲೂ ಇವೆ, ಹಾರಿಸಿದಷ್ಟಕ್ಕೆ ಕಟ್ಟೋ ವ್ಯವಸ್ಥೆ ಕೇಳಿ. ಹವೆ ಸರಿಯಿಲ್ಲ ಅಂತ ಕಲಿಯೋರು ಹಾರೋದು ಬೇಡ ಅಂದ್ರೆ ಅವತ್ತಿನ ದುಡ್ಡು ಕಟ್ ಮಾಡ್ತೀರಾ ಅಂತ ಕೇಳಿ, ಹೌದು ಅಂದ್ರೆ ಆ ಸ್ಕೂಲ್ ಕೆಟ್ಟ ಚಟ ಬಿಡಿಸ್ತಿಲ್ಲ, ಕಲಿಸ್ತಿದೆ. ಆಮೇಲೆ ಅಲ್ಲೇ ಕಲೀತಿರೋ ಯಾರನ್ನಾದ್ರೂ ಪಕ್ಕಕ್ಕೆ ಕರೆದು ಲಾಗ್‌ಬುಕ್ ನೋಡ್ಬಹುದಾ ಅನ್ನಿ, ತಿಂಗಳಿಗೆ ಎಷ್ಟು ಹಾರಾಟ ಸಿಗ್ತಿದೆ ಅಂತ ತಾರೀಖು ಸಮೇತ ಅದರಲ್ಲೇ ಇರತ್ತೆ. ಬೇಜಾರ್ ಮಾಡ್ಕೋತಾರೇನೋ ಅಂತ ಸಂಕೋಚ ಬೇಡ, ಲಾಗ್‌ಬುಕ್ ತೋರ್ಸಿ ಅಂದ್ರೆ ಬೇಡ ಅನ್ನೋ ಪೈಲಟ್ಟನ್ನ ನಾನಿನ್ನೂ ನೋಡಿಲ್ಲ, ಅರ್ಧ ಗಂಟೆ ಟೈಮ್ ಮಾತ್ರ ಇಟ್ಕೊಂಡು ಹೋಗಿ, ಒಂದೊಂದು ಸಾಲಿಗೂ ಕಥೆ ಹೇಳ್ತಾರೆ.